ಕೈಯಿಂದ ಕೈಗೆ: ಖಾಸಗಿ ದೃಶ್ಯವೊಂದು ಊರು ತಲುಪುವ ಹಾದಿ

2024ರ ಮೇ 10ರ ರಾತ್ರಿ ಹಿರಿಯೂರು ತಾಲ್ಲೂಕಿನ ಗುಯಿಲಾಳು ಟೋಲ್ ಬಳಿ ಪೊಲೀಸರು ಹಾಸನ ಜಿಲ್ಲೆಯ ವಕೀಲ ರಾಜಕಾರಣಿಯೊಬ್ಬರನ್ನು ವಶಕ್ಕೆ ಪಡೆದರು. ಹೊಳೆನರಸೀಪುರದಲ್ಲಿ ದಾಖಲಾಗಿದ್ದ ಲೈಂಗಿಕ ಕಿರುಕುಳದ ದೂರು ಅದಕ್ಕೆ ಕಾರಣ. ಆರೋಪವನ್ನು ಅವರು ಅಲ್ಲಗಳೆದರು. ಆದರೂ ಇಡೀ ರಾಜ್ಯದ ಕ್ಯಾಮೆರಾಗಳು ಹಿರಿಯೂರಿನ ಕಡೆ ತಿರುಗಿದ್ದು ಆ ದೂರಿಗಾಗಿ ಅಲ್ಲ. ಹಾಸನದ ಪೆನ್‌ಡ್ರೈವ್‌ಗಳು ಯಾರಿಂದ ಯಾರಿಗೆ ಹೋದವು ಎಂಬ ಪ್ರಶ್ನೆಯಲ್ಲಿ ಅವರ ಹೆಸರೂ ಕೇಳಿಬಂದಿತ್ತು.

ಅದಕ್ಕೆ ಕೆಲವೇ ದಿನ ಮೊದಲು, ಏಪ್ರಿಲ್ 26ರ ಲೋಕಸಭಾ ಮತದಾನದ ಹೊಸ್ತಿಲಲ್ಲಿ, ಹಾಸನದ ಸಾರ್ವಜನಿಕ ಸ್ಥಳಗಳಲ್ಲಿ ಪೆನ್‌ಡ್ರೈವ್‌ಗಳು ಬಿದ್ದಿದ್ದವು. ಅವುಗಳೊಳಗೆ ಹೆಂಗಸರ ಮೇಲಿನ ದೌರ್ಜನ್ಯದ ದೃಶ್ಯಗಳಿದ್ದವು. ಹೆಂಗಸರ ಮುಖಗಳನ್ನು ಮಸುಕು ಮಾಡುವ ಕನಿಷ್ಠ ಕರುಣೆಯನ್ನೂ ಹಂಚಿದವರು ತೋರಿರಲಿಲ್ಲ. ವಾರದೊಳಗೆ ಆ ದೃಶ್ಯಗಳು ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಎನ್ನದೆ ರಾಜ್ಯದ ಎಲ್ಲ ಊರುಗಳ ಮಾತಾದವು. ‘ನಿನ್ನ ಹತ್ರ ಇದೆಯಾ?’ ಎಂದು ಒಬ್ಬರನ್ನೊಬ್ಬರು ಕೇಳುವುದು ಸಲೀಸಾಯಿತು.

ಆ ಸಲೀಸುತನ ಒಂದೇ ದಿನದಲ್ಲಿ ಬಂದದ್ದಲ್ಲ. ಒಬ್ಬರ ಖಾಸಗಿ ಬದುಕನ್ನು ಕೈಯಿಂದ ಕೈಗೆ ದಾಟಿಸುವ ಈ ರೂಢಿಗೆ ಕರ್ನಾಟಕದಲ್ಲಿ ನಾಲ್ಕು ದಶಕಗಳ ಯಂತ್ರಗಳ ಚರಿತ್ರೆ ಇದೆ. ಯಂತ್ರ ಬದಲಾದಾಗಲೆಲ್ಲ ಹಾನಿ ಹಿಗ್ಗಿತು. ಆ ದೃಶ್ಯ ಹೊರಗೆ ಹೋಗಲು ಅದರಲ್ಲಿರುವವರು ಒಪ್ಪಿದ್ದರೇ ಎಂಬ ಪ್ರಶ್ನೆ ಮಾತ್ರ ಬಹಳ ತಡವಾಗಿ ಹುಟ್ಟಿತು.

ಯಂತ್ರಕ್ಕೂ ಮೊದಲು ಮಾತಿತ್ತು. ಸರ್ಕಾರಿ ಕಚೇರಿಗೆ ಸಹಿಯಿಲ್ಲದ ಮೂಗರ್ಜಿ ಬರುತ್ತಿತ್ತು. ಶಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎರಡು ಹೆಸರು ಜೋಡಿಸಿ ಬರೆದಿರುತ್ತಿದ್ದರು. ಬಾವಿಕಟ್ಟೆಯಲ್ಲಿ ಹುಟ್ಟಿದ ಸುದ್ದಿ ಸಂತೆಯ ಹೊತ್ತಿಗೆ ಪಕ್ಕದ ಊರಿಗೆ ಹೋಗುತ್ತಿತ್ತು. ಅದರಿಂದ ಮುರಿದ ಮದುವೆಗಳೂ ಬಿಟ್ಟುಹೋದ ಊರುಗಳೂ ಉಂಟು. ಆದರೆ ಮಾತಿಗೆ ಒಂದು ಮಿತಿ ಇತ್ತು. ‘ಯಾರು ಹೇಳಿದ್ದು?’ ಎಂದು ಕೇಳುತ್ತ ಹೋದರೆ ಎಲ್ಲೋ ಒಂದು ಬಾಯಿ ಸಿಗುತ್ತಿತ್ತು. ‘ಅದು ಸುಳ್ಳು’ ಎನ್ನಲು ಅವಕಾಶವಿತ್ತು. ನಾಲ್ಕು ಮಳೆಗಾಲ ಕಳೆದರೆ ಮಾತು ಮಾಸುತ್ತಿತ್ತು. ವಿಡಿಯೊ ಈ ಮೂರನ್ನೂ ಕಿತ್ತುಕೊಂಡಿತು.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು. ಅದರ ಹಿಂದೆಯೇ ವಿ.ಸಿ.ಆರ್. ಕೂಡ ಊರೂರು ಹೊಕ್ಕಿತು. ಗಣೇಶನ ಹಬ್ಬಕ್ಕೆ ಟಿ.ವಿ., ಡೆಕ್ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ತೋರಿಸುವ ಪದ್ಧತಿ ಬೆಳೆಯಿತು. ಪೇಟೆಗಳಲ್ಲಿ ವಿಡಿಯೊ ಪಾರ್ಲರ್‌ಗಳು ತೆರೆದವು. ವಿ.ಸಿ.ಆರ್. ಮೂಲಕ ಚಿತ್ರ ಪ್ರದರ್ಶಿಸಲು ಪರವಾನಗಿ ಬೇಕೆಂದು ಕರ್ನಾಟಕ ಸರ್ಕಾರ 1984ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಮಾಡಬೇಕಾಯಿತು. ಪಾರ್ಲರ್‌ಗಳಲ್ಲಿ ಕದ್ದುಮುಚ್ಚಿ ಓಡುತ್ತಿದ್ದ ಅಶ್ಲೀಲ ಚಿತ್ರಗಳು ಬಹುಮಟ್ಟಿಗೆ ಹೊರದೇಶದವು, ನಟರಿಟ್ಟು ತೆಗೆದವು. ನೋಡುವವರಿಗೆ ಅವರು ಗುರುತಿನವರಲ್ಲ. ಜೊತೆಗೆ ಕ್ಯಾಸೆಟ್ಟಿಗೆ ತನ್ನದೇ ಒಂದು ತಡೆ ಇತ್ತು. ಪ್ರತಿಯಿಂದ ಪ್ರತಿ ಮಾಡಿದಷ್ಟೂ ಚಿತ್ರ ಮಸುಕಾಗುತ್ತಿತ್ತು. ನಾಲ್ಕನೇ ಕೈಗೆ ಬರುವಷ್ಟರಲ್ಲಿ ಮುಖ ಗುರುತು ಸಿಗದಷ್ಟು ಗೆರೆಗಳು ತುಂಬುತ್ತಿದ್ದವು.

ಸಿ.ಡಿ. ಆ ತಡೆಯನ್ನು ಒಡೆಯಿತು. ಸಾವಿರನೆಯ ಪ್ರತಿಯೂ ಮೊದಲನೆಯದರಷ್ಟೇ ಸ್ಪಷ್ಟ. ಇದರ ಮೊದಲ ದೊಡ್ಡ ಬಲಿ ಕರ್ನಾಟಕದಲ್ಲೇ ನಡೆಯಿತು. 2001ರ ಹೊತ್ತಿಗೆ ವಿದ್ಯಾರ್ಥಿ ಪ್ರೇಮಿಗಳಿಬ್ಬರು ತಮಗಾಗಿ ಮಾತ್ರ ಚಿತ್ರಿಸಿಕೊಂಡಿದ್ದ ಟೇಪೊಂದು ಹೊರಬಿತ್ತು. ಅದನ್ನು ಸಿ.ಡಿ.ಗೆ ಹಾಕಿಸಲು ಕೊಟ್ಟ ಅಂಗಡಿಯಿಂದಲೇ ಪ್ರತಿಗಳು ಹೋದವು ಎಂಬುದು ಅಂದಿನಿಂದ ಹೇಳಿಕೊಂಡು ಬಂದ ಮಾತು. ಮಾರುವವರು ಅದಕ್ಕೆ ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನ ‘ಮೈಸೂರ ಮಲ್ಲಿಗೆ’ಯ ಹೆಸರಿಟ್ಟರು. ಕನ್ನಡದ ಮನೆಮನೆಯ ದಾಂಪತ್ಯದ ಹಾಡುಗಳ ಹೆಸರು ಫುಟ್‌ಪಾತಿನ ಸಿ.ಡಿ.ಯ ಮೇಲೆ ಹತ್ತಿತು. ಕರ್ನಾಟಕದ ಗಡಿಯನ್ನೂ ದಾಟಿ ಅದು ದೇಶವೆಲ್ಲ ಸುತ್ತಿತು. ಆ ಇಬ್ಬರು ಸತ್ತರೆಂದು ಕೆಲವರು, ಮದುವೆಯಾಗಿ ವಿದೇಶಕ್ಕೆ ಹೋದರೆಂದು ಇನ್ನು ಕೆಲವರು ಕಥೆ ಕಟ್ಟಿದರು. ಅವರು ಬದುಕಿದ್ದರೆ ಆ ಕಥೆಗಳನ್ನೂ ಕೇಳಿಸಿಕೊಂಡೇ ಬದುಕಬೇಕಾಗಿತ್ತು.

ಅದೇ 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ತೆರೆದಿತ್ತು. ದೇಶದಲ್ಲಿ ಅಂಥ ಠಾಣೆಗಳ ಪೈಕಿ ಅದು ಮೊದಲ ಸಾಲಿನದು. ಆದರೆ ಠಾಣೆಯ ಕೈಯಲ್ಲಿದ್ದ ಕಾನೂನು ಬೇರೆಯದೇ ಪ್ರಶ್ನೆ ಕೇಳುತ್ತಿತ್ತು. 1860ರ ಭಾರತೀಯ ದಂಡ ಸಂಹಿತೆಯ 292ನೇ ಕಲಮು, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಎರಡೂ ನೋಡುತ್ತಿದ್ದುದು ಚಿತ್ರ ಅಶ್ಲೀಲವೇ ಅಲ್ಲವೇ ಎಂಬುದನ್ನು. ಆ ಕಣ್ಣಿಗೆ ಚಿತ್ರದಲ್ಲಿರುವ ಹೆಣ್ಣು ಅನ್ಯಾಯಕ್ಕೆ ಒಳಗಾದವಳಾಗಿ ಕಾಣುವುದಿಲ್ಲ, ಅಶ್ಲೀಲದ ಒಂದು ಭಾಗವಾಗಿ ಕಾಣುತ್ತಾಳೆ. ಇಂಥ ಕಾನೂನನ್ನು ನಂಬಿ ಯಾವ ಹೆಣ್ಣು ಠಾಣೆ ಮೆಟ್ಟಿಲು ಹತ್ತಬೇಕಿತ್ತು?

ಮುಂದಿನ ಆಘಾತ ದೆಹಲಿಯಿಂದ ಬಂತು. 2004ರ ನವೆಂಬರ್‌ನಲ್ಲಿ ಶಾಲಾ ಮಕ್ಕಳಿಬ್ಬರ ಖಾಸಗಿ ದೃಶ್ಯವೊಂದು, ಮೊಬೈಲಿನಲ್ಲೇ ಚಿತ್ರಿಸಿದ್ದು, ಬಾಜೀ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ ಮಾರಾಟಕ್ಕೆ ಬಂತು. ಬೆಲೆ 125 ರೂಪಾಯಿ. ಮಾರಲು ಇಟ್ಟವನು ಐ.ಐ.ಟಿ. ವಿದ್ಯಾರ್ಥಿ. ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಅವರ ಬಂಧನವಾಯಿತು. ಅವರ ಮೇಲಿನ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2012ರಲ್ಲಿ ರದ್ದಾಯಿತು. ಈ ನಡುವೆ ಸಂಸತ್ತು 2008ರಲ್ಲಿ ಕಾಯ್ದೆ ತಿದ್ದಿತು. 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದ ಆ ತಿದ್ದುಪಡಿಯ 66ಇ ಕಲಮು, ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದನ್ನೂ ಹರಡುವುದನ್ನೂ ಅಪರಾಧ ಮಾಡಿತು. ಒಪ್ಪಿಗೆಯ ವಿಷಯ ಕಾನೂನಿನೊಳಗೆ ಕಾಲಿಟ್ಟಿದ್ದು ಹೀಗೆ.

ಕಾಯ್ದೆ ದೆಹಲಿಯಲ್ಲಿ ಬದಲಾಗುತ್ತಿದ್ದ ಅದೇ ವರ್ಷಗಳಲ್ಲಿ ಬಯಲುಸೀಮೆಯ ಪೇಟೆಗಳಲ್ಲಿ ಹೊಸ ಕಸುಬೊಂದು ಬೇರೂರಿತು. ಈಗ ಅದು ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಬಸ್ ನಿಲ್ದಾಣದ ಎದುರಿನ ಸಾಲಂಗಡಿಗಳಲ್ಲಿ ‘ಮೊಬೈಲ್ ರಿಪೇರಿ, ರೀಚಾರ್ಜ್, ಡೌನ್‌ಲೋಡ್’ ಎಂಬ ಬೋರ್ಡು. ಒಳಗೆ ಒಂದು ಹಳೆ ಕಂಪ್ಯೂಟರ್, ದಾರಕ್ಕೆ ಕಟ್ಟಿದ ಕಾರ್ಡ್ ರೀಡರ್. ಸಂತೆಗೆ ಬಂದ ಹಳ್ಳಿಯ ಹುಡುಗ ಚೈನಾ ಸೆಟ್ಟಿನ ಹಿಂಬದಿ ತೆಗೆದು, ಬ್ಯಾಟರಿ ಕಳಚಿ, ಉಗುರಿನಷ್ಟು ಮೆಮೊರಿ ಕಾರ್ಡ್ ಕೊಡುತ್ತಿದ್ದ. ಅಂಗಡಿಯವನು ಹತ್ತಿಪ್ಪತ್ತು ರೂಪಾಯಿಗೆ ಅದರ ತುಂಬ ಹಾಡು ಹಾಕುತ್ತಿದ್ದ: ರಾಜ್‌ಕುಮಾರ್ ಹಳೆಯವು, ಭಕ್ತಿಗೀತೆ, ಜನಪದ, ಹೊಸ ಸಿನಿಮಾ. ಒಂದೊಂದಕ್ಕೂ ಒಂದು ಫೋಲ್ಡರ್. ಕೊನೆಯಲ್ಲಿ ಹೆಸರಿಲ್ಲದ ಒಂದು ಫೋಲ್ಡರ್ ಇರುತ್ತಿತ್ತು. ಕೇಳುವವರು ದನಿ ತಗ್ಗಿಸಿ ಕೇಳುತ್ತಿದ್ದರು.

ಹಾಗೆಂದು ಕಸುಬಿನವರೆಲ್ಲ ಕೆಟ್ಟವರಾಗಿರಲಿಲ್ಲ. ಇಂಟರ್‌ನೆಟ್ ಇಲ್ಲದ ಹಳ್ಳಿಗೆ ಹಾಡು ತಲುಪಿಸಿದ್ದು ಅವರೇ. ಆದರೆ ಆ ಹೆಸರಿಲ್ಲದ ಫೋಲ್ಡರಿಗೆ ದೂರದ ದೃಶ್ಯಗಳ ಜೊತೆ ಹತ್ತಿರದವೂ ಬಂದು ಬೀಳುವ ಸಾಧ್ಯತೆ ಸದಾ ಇತ್ತು. ರಿಪೇರಿಗೆ ಬಿಟ್ಟುಹೋದ ಫೋನು ಬೀಗವಿಲ್ಲದ ಮನೆಯಿದ್ದಂತೆ. ಅದರಲ್ಲಿದ್ದುದನ್ನು ನಕಲು ಮಾಡಿಕೊಳ್ಳಲು ಎರಡು ನಿಮಿಷ ಸಾಕು. ಸ್ನೇಹ ಮುರಿದ ಹುಡುಗನೊಬ್ಬ ಬ್ಲೂಟೂತ್‌ನಲ್ಲಿ ಒಬ್ಬನಿಗೆ ಕೊಟ್ಟರೆ ಅದು ಅಂಗಡಿ ತಲುಪುತ್ತಿತ್ತು, ಅಂಗಡಿಯಿಂದ ಹತ್ತು ಹಳ್ಳಿ ಸೇರುತ್ತಿತ್ತು. ಇಲ್ಲಿಂದ ಹಾನಿಯ ಸ್ವರೂಪವೇ ಬೇರೆಯಾಯಿತು. ಪಾರ್ಲರಿನ ಪರದೆಯ ಮೇಲಿದ್ದವರು ಯಾರಿಗೂ ಏನೂ ಆಗಬೇಕಿರಲಿಲ್ಲ. ಕಾರ್ಡಿನಲ್ಲಿದ್ದವಳು ಮಾತ್ರ ಅದೇ ಬಸ್ಸಿಗೆ ನಿಲ್ಲುವ, ಅದೇ ಕಾಲೇಜಿಗೆ ಹೋಗುವ ಹುಡುಗಿಯಾಗಿರಬಹುದಿತ್ತು.

ದೆಹಲಿಯ ನಿರ್ಭಯಾ ಪ್ರಕರಣದ ನಂತರ 2013ರ ಫೆಬ್ರುವರಿಯಲ್ಲಿ ದಂಡ ಸಂಹಿತೆಗೆ 354ಸಿ ಕಲಮು ಸೇರಿತು. ಅದರ ಎರಡನೇ ವಿವರಣೆ ಈ ಇಡೀ ಚರಿತ್ರೆಯ ತಿರುವು. ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ ಹಂಚಿದ್ದೇ ಅಪರಾಧ ಎಂದು ಅದು ಹೇಳಿತು. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಾಗಿ ಅದೇ ಮುಂದುವರಿದಿದೆ. ‘ಅವಳೇ ತೆಗೆಸಿಕೊಂಡಿದ್ದಲ್ಲವೇ?’ ಎಂಬ ಕಟ್ಟೆಯ ವಾದಕ್ಕೆ ಕಾನೂನು ಉತ್ತರ ಕೊಟ್ಟಿತು. ಟೇಪು ಹೊರಬಿದ್ದ ಆ ಪ್ರೇಮಿಗಳಿಗೆ ಹನ್ನೆರಡು ವರ್ಷ ತಡವಾಗಿ.

ಆ ಉತ್ತರ ಊರಿಗೆ ತಲುಪುವ ಮೊದಲೇ ಯಂತ್ರ ಮತ್ತೆ ಬದಲಾಯಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾಗಿ ಡೇಟಾ ಅಗ್ಗವಾಯಿತು. ಅದೇ ವರ್ಷ ವಾಟ್ಸ್‌ಆ್ಯಪ್ ಗುಂಪಿನ ಮಿತಿ 256 ಮಂದಿಗೆ ಏರಿತು. ಸಂದೇಶಗಳೆಲ್ಲ ಕಳಿಸಿದವರು, ಪಡೆದವರ ಹೊರತು ಕಂಪನಿಗೂ ಕಾಣದಂತೆ ಗೂಢಲಿಪಿಯಾದವು. ಡೌನ್‌ಲೋಡ್ ಅಂಗಡಿಗಳು ಬೋರ್ಡು ಬದಲಿಸಿ ಕವರ್, ಗ್ಲಾಸು ಮಾರತೊಡಗಿದವು. ಅಂಗಡಿಯ ಕೆಲಸ ಮಾತ್ರ ನಿಲ್ಲಲಿಲ್ಲ, ಪ್ರತಿಯೊಬ್ಬರ ಕಿಸೆಯೊಳಗಿನ ಫೋನಿಗೆ ಬಂತು. ಮೊದಲು ದನಿ ತಗ್ಗಿಸಿ ಕೇಳಬೇಕಿದ್ದದ್ದು ಈಗ ಕೇಳದೆಯೇ ಬಂದು ಬೀಳುತ್ತಿತ್ತು. ಹಂಚಿದವರಿಗೆ ತಾವು ಹಂಚಿದೆವೆಂಬ ಅರಿವೂ ಇರಲಿಲ್ಲ: ‘ನಂಗೂ ಬಂದಿತ್ತು, ಫಾರ್ವರ್ಡ್ ಮಾಡ್ದೆ.’

ಫಾರ್ವರ್ಡ್‌ಗೆ ಕೊಲ್ಲುವ ಶಕ್ತಿ ಇದೆಯೆಂದು ಕರ್ನಾಟಕ 2018ರಲ್ಲಿ ಕಂಡಿತು. ಮಕ್ಕಳ ಕಳ್ಳರ ಸುಳ್ಳು ವಿಡಿಯೊಗಳು ಹರಿದಾಡುತ್ತಿದ್ದ ದಿನಗಳವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಗುಂಪೊಂದು ವಲಸೆ ಕಾರ್ಮಿಕನನ್ನು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬ ಹತನಾದ. ಅದರ ಮುಂದಿನ ವಾರ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ಪ್ರಕಟಿಸಿತು. ಸುಳ್ಳು ಸುದ್ದಿಗೆ ಸತ್ತವರ ಲೆಕ್ಕ ಪೊಲೀಸರಿಗೆ ಸಿಗುತ್ತದೆ. ನಿಜವಾದ ದೃಶ್ಯವೊಂದರಿಂದ ಕಾಲೇಜು ಬಿಟ್ಟವರ, ಊರು ಬಿಟ್ಟವರ, ಜೀವ ಬಿಟ್ಟವರ ಲೆಕ್ಕವನ್ನು ಮನೆಯವರೇ ಮುಚ್ಚಿಡುತ್ತಾರೆ.

ಹಾಸನದ ಪ್ರಕರಣದಲ್ಲಿ ಈ ಎಲ್ಲ ಎಳೆಗಳೂ ಕೂಡಿದವು. ಆ ದೃಶ್ಯಗಳ ಆರೋಪಿ, ಆಗ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ 2023ರ ಜೂನ್‌ನಲ್ಲೇ ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಏನೂ ಪ್ರಕಟಿಸದಂತೆ ಎಂಬತ್ತಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದಿದ್ದರು. 2021ರ ಮಾರ್ಚ್‌ನಲ್ಲಿ, ಸಚಿವರೊಬ್ಬರು ಸಿ.ಡಿ. ಹೊರಬಂದು ರಾಜೀನಾಮೆ ಕೊಟ್ಟ ಬೆನ್ನಿಗೆ, ಬೇರೆ ಆರು ಮಂದಿ ಸಚಿವರೂ ಇಂಥದೇ ತಡೆಯಾಜ್ಞೆ ಪಡೆದಿದ್ದರು. ಅಧಿಕಾರ ಇದ್ದವರಿಗೆ ಬಾಗಿಲು ಎಲ್ಲಿದೆಯೆಂದು ಗೊತ್ತಿತ್ತು. ಪೆನ್‌ಡ್ರೈವ್‌ನಲ್ಲಿದ್ದ ಹೆಂಗಸರಿಗೆ ಅಂಥ ಬಾಗಿಲು ಇರಲಿಲ್ಲ. ತಮ್ಮ ದೃಶ್ಯ ಊರಿನ ಕೈ ಸೇರಿದೆ ಎಂಬುದು ಅವರಿಗೆ ತಿಳಿದದ್ದೇ ಊರು ನೋಡಿದ ಮೇಲೆ. ಹಲವರು ಮನೆ ತೊರೆದರು.

ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಮುಖ್ಯಮಂತ್ರಿಗೆ ಪತ್ರ ಬರೆದರು. 2024ರ ಏಪ್ರಿಲ್ ಕೊನೆಯ ವಾರ ಬಿ.ಕೆ. ಸಿಂಗ್ ನೇತೃತ್ವದ ವಿಶೇಷ ತನಿಖಾ ತಂಡ ರಚನೆಯಾಯಿತು. ದೃಶ್ಯಗಳನ್ನು ಹಂಚುವುದೂ ಅಪರಾಧ ಎಂದು ತಂಡ ಸಾರ್ವಜನಿಕವಾಗಿ ಎಚ್ಚರಿಸಿತು. ಪ್ರಜ್ವಲ್ ಜರ್ಮನಿಯಿಂದ ಮರಳಿ ಮೇ 31ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. 2025ರ ಆಗಸ್ಟ್ 1ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ, ಮನೆಕೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದಲ್ಲಿ ಅವರನ್ನು ದೋಷಿ ಎಂದಿತು. ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು.

‘ಪೆನ್‌ಡ್ರೈವ್ ಹೊರಬರದಿದ್ದರೆ ಈ ಶಿಕ್ಷೆ ಆಗುತ್ತಿತ್ತೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗಟ್ಟಿಯಾದದ್ದು, ಉತ್ತರವನ್ನೂ ಗಟ್ಟಿಯಾಗಿಯೇ ಕೊಡಬೇಕು. ನ್ಯಾಯಾಲಯದಲ್ಲಿ ಕೆಲಸಕ್ಕೆ ಬಂದದ್ದು ಸಂತ್ರಸ್ತೆಯ ಧೈರ್ಯದ ಹೇಳಿಕೆ, ಆಕೆಯ ಸೀರೆಯ ಮೇಲಿನ ವಿಧಿವಿಜ್ಞಾನ ವರದಿ, ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾದ ದೃಶ್ಯ. ದೃಶ್ಯ ಇದ್ದವರು ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪೊಲೀಸರಿಗೋ ಮಹಿಳಾ ಆಯೋಗಕ್ಕೋ ಕೊಡಬಹುದಿತ್ತು. ಬೀದಿಗೆ ಎಸೆದದ್ದರಿಂದ ಸಾಕ್ಷ್ಯ ಬಲವಾಗಲಿಲ್ಲ. ಅದರ ಬದಲು ಸಾಕ್ಷಿ ಹೇಳಬೇಕಾದ ಹೆಂಗಸರು ಹೆದರಿ ಅಡಗುವಂತಾಯಿತು. ಎಸೆದವರಿಗೆ ಬೇಕಿದ್ದದ್ದು ಒಬ್ಬ ರಾಜಕಾರಣಿಯ ಸೋಲು. ಅದಕ್ಕೆ ಹೆಂಗಸರ ಮುಖಗಳನ್ನು ಕರಪತ್ರದಂತೆ ಬಳಸಿದರು.

ಪೆನ್‌ಡ್ರೈವ್ ಹೊರಬಿದ್ದ ವರ್ಷವೇ ಚಿತ್ರದುರ್ಗಕ್ಕೂ ಸರದಿ ಬಂತು. ಊರಿನ ಔಷಧ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಯುವಕನನ್ನು 2024ರ ಜೂನ್ 8ರಂದು ಬೆಂಗಳೂರಿಗೆ ಕರೆದೊಯ್ದು ಕೊಲ್ಲಲಾಯಿತು. ಚಿತ್ರನಟಿಯೊಬ್ಬರಿಗೆ ಆತ ಅಶ್ಲೀಲ ಸಂದೇಶ ಕಳಿಸಿದ್ದೇ ಕಾರಣ ಎನ್ನುತ್ತದೆ ದೋಷಾರೋಪ ಪಟ್ಟಿ. ನಟ ದರ್ಶನ್ ಸೇರಿ 17 ಮಂದಿ ಆರೋಪಿಗಳು. ಸೆಪ್ಟೆಂಬರ್‌ನಲ್ಲಿ ಪಟ್ಟಿ ಸಲ್ಲಿಕೆಯಾದ ಬೆನ್ನಿಗೇ, ಸಾವಿಗೆ ಮೊದಲು ಆತ ಕೈಮುಗಿದು ಬೇಡುತ್ತಿದ್ದ ಚಿತ್ರ ಫೋನುಗಳಲ್ಲಿ ಹರಿದಾಡಿತು. ಟಿ.ವಿ.ಗಳು ಅದನ್ನು ಸುತ್ತಿ ಸುತ್ತಿ ತೋರಿಸಿದವು. ಪಟ್ಟಿಯಲ್ಲಿನ ಗೋಪ್ಯ ವಿವರ ಪ್ರಸಾರ ಮಾಡದಂತೆ ಹೈಕೋರ್ಟ್ ತಡೆ ನೀಡುವ ಹೊತ್ತಿಗೆ ಚಿತ್ರ ಎಲ್ಲ ಮನೆ ಹೊಕ್ಕಿತ್ತು. ತುಂಬು ಗರ್ಭಿಣಿ ಹೆಂಡತಿ, ವಯಸ್ಸಾದ ತಂದೆತಾಯಿ ಇದ್ದ ಚಿತ್ರದುರ್ಗದ ಮನೆಯೂ ಅದರಲ್ಲಿ ಒಂದು. ಆತ ಏನು ಮಾಡಿದ್ದ ಎಂಬುದು ನ್ಯಾಯಾಲಯದ ವಿಷಯ. ಆ ಚಿತ್ರವನ್ನು ದಾಟಿಸಿದ ಲಕ್ಷಾಂತರ ಕೈಗಳಿಗೆ ಆ ಮನೆ ನೆನಪಾಗಲಿಲ್ಲ.

ಹಾವೇರಿ ಜಿಲ್ಲೆಯ ಹಾನಗಲ್‌ನಲ್ಲಿ 2024ರ ಜನವರಿಯಲ್ಲಿ ಲಾಡ್ಜಿಗೆ ನುಗ್ಗಿದ ಗುಂಪು ಜೋಡಿಯೊಂದನ್ನು ಥಳಿಸಿ ಅದನ್ನು ತಾನೇ ಚಿತ್ರಿಸಿ ಹರಿಬಿಟ್ಟಿತು. ಸಾಮೂಹಿಕ ಅತ್ಯಾಚಾರದ ಆರೋಪವೂ ದಾಖಲಾಯಿತು. 2025ರ ಮೇ ತಿಂಗಳಲ್ಲಿ ಕೆಲ ಆರೋಪಿಗಳು ಜಾಮೀನು ಸಿಕ್ಕಿತೆಂದು ಮೆರವಣಿಗೆ ಮಾಡಿದರು, ಅದರ ವಿಡಿಯೊ ಕೂಡ ಹಬ್ಬಿತು. ಅತ್ತ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಅಂಟಿಸಿದ ದೃಶ್ಯ 2023ರ ನವೆಂಬರ್‌ನಲ್ಲಿ ಹರಡಿತ್ತು. ಚಿತ್ರಿಸಿಕೊಳ್ಳದಿದ್ದರೆ ಅಪಾಯವಿಲ್ಲ ಎಂಬ ಹಳೆಯ ಉಪದೇಶ ಅಲ್ಲಿಗೆ ಮುಗಿಯಿತು.

ಇಷ್ಟು ವರ್ಷಗಳಲ್ಲಿ ಗಳಿಸಿದ್ದೂ ಇದೆ. ಪಶ್ಚಿಮ ಬಂಗಾಳದ ತಮ್ಲುಕ್ ನ್ಯಾಯಾಲಯ 2018ರಲ್ಲಿ ಮಾಜಿ ಗೆಳತಿಯ ದೃಶ್ಯ ಹರಡಿದವನಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆಕೆಯನ್ನು ಅತ್ಯಾಚಾರದ ಸಂತ್ರಸ್ತೆಯಂತೆಯೇ ಪರಿಗಣಿಸಿ ಪರಿಹಾರ ಕೊಡಬೇಕೆಂದಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ದೂರು ಬಂದ 24 ಗಂಟೆಯೊಳಗೆ ಇಂಥ ದೃಶ್ಯ ತೆಗೆಯುವ ಹೊಣೆಯನ್ನು ಜಾಲತಾಣಗಳ ಮೇಲೆ ಹೊರಿಸಿದವು. ಒಮ್ಮೆ ತೆಗೆದದ್ದು ಮತ್ತೆ ಮತ್ತೆ ಬಂದಾಗ ಪ್ರತಿ ಸಲವೂ ಸಂತ್ರಸ್ತೆಯೇ ಅಲೆಯಬೇಕೆನ್ನುವುದು ಸರಿಯಲ್ಲ ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ತಾಳಿತು. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ 2021ರ ಡಿಸೆಂಬರ್‌ನಿಂದ ಇದೆ. ಅಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ನಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಸಂಖ್ಯೆಯೊಂದು ತಯಾರಾಗುತ್ತದೆ. ಆ ಸಂಖ್ಯೆಗೆ ಹೊಂದುವ ಚಿತ್ರವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳು ತಡೆಯುತ್ತವೆ. ವಾಟ್ಸ್‌ಆ್ಯಪ್ ಗುಂಪಿನೊಳಗೆ ಓಡಾಡುವುದನ್ನು ಹಿಡಿಯಲು ಆ ಬಲೆಗೂ ಆಗುವುದಿಲ್ಲ.

ಹೊಸದುರ್ಗದ ಹಳ್ಳಿಯೊಂದರ ಹುಡುಗಿಗೆ ಜಿಲ್ಲಾ ಕೇಂದ್ರದಲ್ಲಿರುವ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ (ಸಿಇಎನ್) ಠಾಣೆ ಐವತ್ತು ಕಿಲೋಮೀಟರಿಗೂ ಆಚೆ. ಆದರೆ ದೂರು ಕೊಡಲು ಅಲ್ಲಿಗೇ ಹೋಗಬೇಕೆಂದಿಲ್ಲ. ಹೊಳಲ್ಕೆರೆಯಲ್ಲಾಗಲಿ ಹಿರಿಯೂರಿನಲ್ಲಾಗಲಿ ಹತ್ತಿರದ ಯಾವ ಠಾಣೆಯಲ್ಲೂ ಕೊಡಬಹುದು. ವ್ಯಾಪ್ತಿ ನಮ್ಮದಲ್ಲ ಎಂದು ಕಳಿಸುವಂತಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಅತ್ಯಾಚಾರದಂಥ ಅಪರಾಧಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನಡಿ ಪ್ರತ್ಯೇಕ ಅಪರಾಧ.

ಠಾಣೆಗೆ ಮೊದಲು ಇನ್ನೊಂದು ಕೈ ಇದೆ. ಇಂಥ ದೃಶ್ಯ ಮನೆಯವರಿಗೆ ಮುಟ್ಟುವುದು ಹೆಚ್ಚಾಗಿ ಅಪರಿಚಿತರಿಂದಲ್ಲ. ದೂರದ ಸಂಬಂಧಿಕರೋ ಅಣ್ಣನ ಸ್ನೇಹಿತನೋ ‘ಇದು ನಿಮ್ಮ ಹುಡುಗೀನಾ ನೋಡಿ’ ಎಂದು ಕಳಿಸುತ್ತಾರೆ. ಅದನ್ನು ಕಳಿಸಿದ ಘಳಿಗೆಗೆ ಅವರೂ ಹಂಚಿದವರಲ್ಲಿ ಒಬ್ಬರಾಗುತ್ತಾರೆ, ಉದ್ದೇಶ ಎಚ್ಚರಿಸುವುದೇ ಆಗಿದ್ದರೂ. ಅವರು ಮಾಡಬೇಕಾದದ್ದು ಬೇರೆ: ದೃಶ್ಯವನ್ನು ಮುಂದೆ ದಾಟಿಸದೆ, ಅದು ಬಂದ ನಂಬರು, ಗುಂಪಿನ ಹೆಸರು, ದಿನ, ಹೊತ್ತು ಬರೆದಿಟ್ಟುಕೊಂಡು, ಆ ಹುಡುಗಿಯ ಕಡೆಯವರಿಗೆ ಬಾಯಿಮಾತಿನಲ್ಲಿ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೋ ಠಾಣೆಗೋ ಹೇಳುವುದು. ಠಾಣೆಗೆ ಹೋಗುವ ದಿನ ಅವಳ ಜೊತೆ ಬಸ್ಸು ಹತ್ತುವುದು.